ಎರಡು ಗೆರೆ ಕೆಳಗೆ

ಇನಾಯತ್ ಬಂದು ನಾಲ್ಕು ತೂತು ಕೊರೆದು
ಗೋಡೆಗೊಂದು ಬಿಳಿ ಹಲಗೆ ಸಿಕ್ಕಿಸಿ ಹೋದ.
ಹಿಂದೆ ಅಲ್ಲಿದ್ದದ್ದು ಗೊಬ್ಬರದಂಗಡಿಯ ಕ್ಯಾಲೆಂಡರು;
ಅದರ ಮೊಳೆ ಇನ್ನೂ ಇದೆ.
ಉರಿಯಿಲ್ಲ, ಕೆಂಪು ಕಡ್ಡಿಯಿಲ್ಲ, ರೆಕ್ಕೆಯಿಲ್ಲ.
'ಹೊತ್ತಿದೆಯೇನಯ್ಯಾ?' ಅಂದೆ.
'ಹೊತ್ತೋದಲ್ಲ ಸಾರ್, ಕಾಯೋದು. ಕೈ ಇಟ್ಟು ನೋಡಿ.'

ಇಟ್ಟೆ.
ಇಪ್ಪತ್ತಾರು ವರ್ಷ ಬಾಯ್ಲರಿನ ಮುಂದೆ ನಿಂತು
ಕಬ್ಬಿನ ಸಿಪ್ಪೆ ಉರಿಯುವ ಬಾಯಿಗೆ
ಸಲಾಕೆ ತಿವಿದ ಕೈ ಇದು.
ಅದಕ್ಕೆ ಈ ಬಿಸಿ ಎಷ್ಟು ಮಾತ್ರದ್ದು?
ಬಸ್ಸಿನಲ್ಲಿ ಯಾರೋ ಎದ್ದುಹೋದ ಸೀಟಿನಷ್ಟು.

ಚಳಿ ನನಗಲ್ಲ, ಸರ್ವಮಂಗಳೆಗೆ.
ಥೈರಾಯ್ಡ್ ತೆಗೆಸಿದ ಮೇಲೆ ಕತ್ತಿನಲ್ಲೊಂದು ಗೆರೆ ಉಳಿಯಿತು,
ಮೈಯೊಳಗಿನ ಒಲೆ ಮಂದವಾಯಿತು.
ಮಾರ್ಗಶಿರ ಬಂತೆಂದರೆ ನಾಲೆ ದಾಟಿ, ಗದ್ದೆ ದಾಟಿ ಬರುವ ಗಾಳಿ
ಸ್ವರ್ಣಸಂದ್ರದಲ್ಲಿ ಬೇರೆ ವಿಳಾಸವೇ ಗೊತ್ತಿಲ್ಲದ ಹಾಗೆ
ನೇರ ಅವಳ ಪಾದಕ್ಕೆ ಬರುತ್ತದೆ.
ಎರಡು ಜೊತೆ ಕಾಲುಚೀಲ, ಮೇಲೆ ನನ್ನ ಮಫ್ಲರು, ಅದರ ಮೇಲೆ ಕಂಬಳಿ.
ಆದರೂ ಪಾದ, ನೀರಿನ ಹರವಿಯ ತಳ.

ಮೊದಲು ಫ್ಯಾನಿನ ಹೀಟರು ತಂದಿದ್ದೆ.
ರಾತ್ರಿಯಿಡೀ ಗೊರ್ ಅನ್ನುತ್ತಿತ್ತಂತೆ.
'ಕಾರ್ಖಾನೇನ ಮನೆಗೇ ತಂದ್ಬಿಟ್ರಾ?' ಅಂದಳು
ನಿದ್ದೆಗೆಟ್ಟ ಕಣ್ಣಲ್ಲಿ.
ನನಗೇನೂ ಕೇಳಿಸಿರಲಿಲ್ಲ.
ಎಡಗಿವಿ ಯಾವತ್ತೋ ಹೋಯಿತು; ಬಲಗಿವಿಯಲ್ಲಿ
ರಜದ ದಿನವೂ ಹಬೆ ಕೂಗುತ್ತಲೇ ಇರುತ್ತದೆ.

ಅದಕ್ಕೇ ಈ ಹಲಗೆ.
ಸದ್ದೇ ಇಲ್ಲವಲ್ಲ ಅಂತ ಮೊದಲ ರಾತ್ರಿ ಬೆರಗಾದಳು.
ಹೌದೌದು ಅಂದೆ, ಗೊತ್ತಿದ್ದವನ ಹಾಗೆ.
ನಾನೂರು ವ್ಯಾಟು, ಎಂಟು ಗಂಟೆ,
ರಾತ್ರಿಗೆ ಮೂರು ಚಿಲ್ಲರೆ ಯೂನಿಟ್ಟು:
ಪಂಚಾಂಗದ ಹಿಂಬದಿ ಬರೆದಿಟ್ಟೆ.
ಮೂರನೆಯ ರಾತ್ರಿ ಒಂದು ಜೊತೆ ಕಾಲುಚೀಲ ಕಳಚಿತು.
ಐದನೆಯ ದಿನ ಮಫ್ಲರು ವಾಪಸ್ಸು ಬಂತು,
ಇನ್ನೂ ಅವಳ ಹಿಮ್ಮಡಿಯ ಆಕಾರದಲ್ಲೇ ಸುತ್ತಿಕೊಂಡು.
ಆ ಭಾನುವಾರ ನೆನೆಸಿದ ಅವರೆಕಾಳು ಹಿತಕಲು
ತಣ್ಣೀರಿಗೆ ಕೈ ಹಾಕಿದಳು, ಎರಡು ವರ್ಷದ ಮೇಲೆ.

ಎಲ್ಲಾ ಸರಿಯೇ.
ಆದರೆ ಪಾದ ಬರಲಿಲ್ಲ.

ಪಾಳಿ ಮುಗಿಸಿ, ಬೂದಿ ತೊಳೆದು ಮಲಗಿದರೆ
ಇಷ್ಟು ವರ್ಷ, ನಿದ್ದೆಗಣ್ಣಲ್ಲೇ,
ಎರಡು ತಣ್ಣನೆ ಪಾದ ಕಂಬಳಿಯಡಿ ತಡಕಾಡಿ
ನನ್ನ ಮೀನಖಂಡ ಸೇರುತ್ತಿದ್ದವು.
ನಾನು ಬೆಚ್ಚುವುದು, ಬೈಯುವುದು,
ಸರಿದು ಮಾತ್ರ ಮಲಗದೆ ಇರುವುದು.
ಬಾಯ್ಲರಿನ ಬಿಸಿಯಲ್ಲಿ ಒಂದಿಷ್ಟು
ಗೇಟಿನವನಿಗೆ ಸಿಗದಂತೆ ಮನೆಗೆ ಕದ್ದು ತರುತ್ತೇನೆಂದು
ನನ್ನಷ್ಟಕ್ಕೆ ನನಗೊಂದು ಜಂಬ.
ಈಗ ಅವಳು ಗೋಡೆಗೆ ಮುಖಮಾಡಿ ಮಲಗುತ್ತಾಳೆ.

ಹನ್ನೊಂದನೆಯ ರಾತ್ರಿ, ಮೂರು ಗಂಟೆಗೆ,
ಎದ್ದು ಸ್ವಿಚ್ಚು ಆರಿಸಿದೆ.
ಕೇಳಿದರೆ ಕರೆಂಟು ಬಿಲ್ಲು ಅನ್ನಬಹುದು.
ಕೋಣೆ ತಣಿಯಲು ಅರ್ಧ ಗಂಟೆ ಹಿಡಿಯಿತು.
ಆಮೇಲೆ ಬಂದವು.
ಮೊದಲು ಒಂದು. ಸ್ವಲ್ಪ ತಡೆದು ಇನ್ನೊಂದು.
ಬೆಚ್ಚಲಿಲ್ಲ, ಬೈಯಲಿಲ್ಲ.
ಅವಳು ನಡುಗುತ್ತಿರುವುದು ಕಾಲಿಗೆ ತಿಳಿದಾಗ
ನಾಚಿಕೆಯಾಗಿ, ಕೈ ಚಾಚಿ, ಮತ್ತೆ ಹಾಕಿದೆ.

ಬೆಳಗ್ಗೆ ರೊಟ್ಟಿ ತಟ್ಟುತ್ತಾ, ತಿರುಗದೆಯೇ ಅಂದಳು:
'ಹಲಗೆಗೆ ಸದ್ದಿಲ್ಲ, ಸರಿ.
ಸ್ವಿಚ್ಚಿಗೆ ಐತೆ ಕಣ್ರೀ. ಟಕ್ ಅಂತದೆ.
ಎರಡು ಸಲ ಅಂತು.'
ಚಟ್ನಿಗೆ ಹುಣಸೆ ಹೆಚ್ಚಾಯಿತು ಅಂದೆ.

ಇವತ್ತು ಎರಡನೆ ಪಾಳಿಗೆ ಹೊರಡುವಾಗ ಕಂಡಿತು:
ಹಲಗೆಯ ಪಕ್ಕದ ತಿರುಗಣೆ
ಇನಾಯತ್ ಇಟ್ಟಲ್ಲಿಲ್ಲ. ಎರಡು ಗೆರೆ ಕೆಳಗಿದೆ.
ಯಾರು ತಿರುಗಿಸಿದ್ದು ಅಂತ ಕೇಳಲಿಲ್ಲ.
ಕಬ್ಬು ಇನ್ನು ಮೂರು ವಾರಕ್ಕಾಗುವಷ್ಟಿದೆ. ಚಳಿಯೂ.